ಎರಡೂ ತುದಿ ಮುಟ್ಟಿ ನೋಡುವ ಕೇಬಲಕ್ಕ

ಬೆಳಗಿನ ಐದು ಗಂಟೆ. ಹೊರಗೆ ಬೀದಿದೀಪ ಇನ್ನೂ ಆರಿಲ್ಲ. ಒಳಗೆ ಕಿಟಕಿಯೇ ಇಲ್ಲದ ಮೇಲೆ ಬೆಳಗೂ ಒಂದೇ, ಮಧ್ಯಾಹ್ನವೂ ಒಂದೇ. ಆಳೆತ್ತರದ ಕಬ್ಬಿಣದ ಬೀರುಗಳು ಸಾಲಾಗಿ ನಿಂತಿವೆ. ಅವುಗಳೊಳಗೆ ಸಾವಿರಾರು ಪುಟ್ಟ ಫ್ಯಾನುಗಳು ಒಟ್ಟಿಗೇ ತಿರುಗುವ ಸದ್ದಿಗೆ ಪಕ್ಕದವರ ಮಾತೂ ಕೇಳಿಸದು. ಆ ಸದ್ದಿನ ನಡುವೆ, ಏಣಿಯ ಮೂರನೆಯ ಮೆಟ್ಟಿಲ ಮೇಲೆ, ಯಂತ್ರಗಳು ಕಾಯದಿರಲೆಂದು ಇಟ್ಟ ಚಳಿಗೆ ಸ್ವೆಟರ್ ತೊಟ್ಟ ಮಹಿಳೆಯೊಬ್ಬರು ನೀಲಿ ಕೇಬಲ್ಲೊಂದನ್ನು ಎರಡು ಬೆರಳಲ್ಲಿ ಹಿಡಿದು ಇಂಚಿಂಚೇ ಸವರುತ್ತಾ ಸಾಗಿದ್ದಾರೆ. ಟಾರ್ಚು ಹಲ್ಲಿನ ನಡುವೆ ಇದೆ. ಒಂದು ಕೇಬಲ್ಲಿನ ಎರಡೂ ತುದಿ ಮುಟ್ಟುವ ತನಕ ಇವರು ಬಾಯಿ ಬಿಡುವಂತಿಲ್ಲ.

ಇನ್ನೊಂದು ಗಂಟೆಗೆ ಈ ಸಾಲಿನ ಎಡಗಡೆಯ ಸ್ವಿಚ್ ಆರಿಸಿ ಹೊಸದನ್ನು ಕೂರಿಸಬೇಕು. ಸ್ವಿಚ್ ಎಂದರೆ ಗೋಡೆಯ ಮೇಲಿನ ಗುಂಡಿಯಲ್ಲ. ಹತ್ತಾರು ಕೇಬಲ್ಲುಗಳನ್ನು ಒಂದೆಡೆ ಸೇರಿಸಿ, ಯಾವ ಮಾಹಿತಿ ಎತ್ತ ಹೋಗಬೇಕೆಂದು ದಾರಿ ತೋರುವ ಪೆಟ್ಟಿಗೆ. ಕಂಪ್ಯೂಟರಿನ ಪರದೆ ಎಲ್ಲವೂ ಸರಿಯಿದೆ ಎನ್ನುತ್ತಿದೆ, ದಾಖಲೆಯ ಪಟ್ಟಿಯೂ ಅದನ್ನೇ ಹೇಳುತ್ತಿದೆ. ಆದರೂ ಇವರಿಗೆ ಸಮಾಧಾನವಿಲ್ಲ. ಕೈಯಿಂದ ಮುಟ್ಟಿ ನೋಡಿ ಎಂದು ಯಾರೂ ಹೇಳಿಲ್ಲ, ಹೇಳುವುದೂ ಇಲ್ಲ. "ದೀಪ ಉರೀತಿದ್ಯಾ ಇಲ್ವಾ ಅಂತ ಪರದೆ ಹೇಳುತ್ತೆ. ತಂತಿ ಎಲ್ಲಿಗೆ ಹೋಗಿದೆ ಅಂತ ಕೈಯೇ ನೋಡ್ಬೇಕು" ಎನ್ನುತ್ತಾರೆ.

ಸಹೋದ್ಯೋಗಿಗಳ ಬಾಯಲ್ಲಿ ಇವರು ಕೇಬಲಕ್ಕ. ವಯಸ್ಸು ನಲವತ್ತೇಳು. ಹನ್ನೊಂದು ವರ್ಷ ಕಾರುಗಳಿಗೆ ವೈರಿನ ಕಟ್ಟು ಕಟ್ಟುವ ಕಾರ್ಖಾನೆಯಲ್ಲಿ ದುಡಿದವರು. ಒಂದು ಸೋಮವಾರ ಹೋದಾಗ ಗೇಟಿಗೆ ಬೀಗ ಬಿದ್ದಿತ್ತು. ಗುತ್ತಿಗೆದಾರನೊಬ್ಬ ಮೂರು ದಿನದ ಕೆಲಸವಿದೆ ಎಂದು, ಹಲವು ಸಂಸ್ಥೆಗಳ ಕಂಪ್ಯೂಟರುಗಳನ್ನು ಒಂದೆಡೆ ಇಟ್ಟು ನಡೆಸುವ ಈ ಡೇಟಾ ಸೆಂಟರಿಗೆ ಕರೆತಂದ. ಆ ಮೂರು ದಿನ ಈಗ ಹದಿಮೂರು ವರ್ಷವಾಗಿವೆ. ಇಂದಿಗೂ ಇವರು ಗುತ್ತಿಗೆಯವರೇ.

ಬ್ಲೇಡ್ ಸರ್ವರ್ ಎಂದರೆ ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದಂತೆ ಒತ್ತೊತ್ತಾಗಿ ನಿಲ್ಲಿಸಿದ ತೆಳ್ಳನೆಯ ಕಂಪ್ಯೂಟರುಗಳು. ಒಂದು ಪೆಟ್ಟಿಗೆಗೆ ಹದಿನಾರು. ಲೆಕ್ಕ ಹಾಕುವುದಷ್ಟೇ ಅವುಗಳ ಕೆಲಸ. ಮಾಹಿತಿಯೆಲ್ಲ ಇರುವುದು ಆಚೆ ಕೋಣೆಯ ಉಗ್ರಾಣದಲ್ಲಿ. ಅಲ್ಲಿಗೆ ಹೋಗಿಬರುವ ದಾರಿಯೇ ಈ ಕೇಬಲ್ಲುಗಳು. ಕೂದಲಿನಷ್ಟು ಸಣ್ಣ ಗಾಜಿನ ಎಳೆ ಒಳಗಿರುವುದರಿಂದ ಬಳೆಯ ಸುತ್ತಿಗಿಂತ ಬಿಗಿಯಾಗಿ ಬಗ್ಗಿಸುವಂತಿಲ್ಲ. ತುದಿಗೆ ದೂಳಿನ ಒಂದು ಕಣ ಕೂತರೂ ಕೆಲಸ ಕೆಟ್ಟಿತು. ದಿನಕ್ಕೆ ನಲವತ್ತರಿಂದ ಅರವತ್ತು ತುದಿ ಒರೆಸಿ ಜೋಡಿಸುತ್ತಾರೆ. ಏಣಿ ಹತ್ತಿಳಿಯುವುದು ನೂರಕ್ಕೆ ಕಮ್ಮಿಯಿಲ್ಲ. ನೆಲದ ಹಲಗೆ ಎತ್ತಿ ಮಂಡಿಯೂರುವುದಕ್ಕೆ ಲೆಕ್ಕವೇ ಇಲ್ಲ.

ಆ ಮಂಡಿಗಳೇ ಈಗ ಮುನಿಸಿಕೊಂಡಿವೆ. ಬಲ ಮಂಡಿಗೆ ಶಸ್ತ್ರಚಿಕಿತ್ಸೆ ಆಗಲೇಬೇಕು, ಆರು ವಾರ ಮಲಗಿರಬೇಕು ಎಂದಿದ್ದಾರೆ ವೈದ್ಯರು. ಗುತ್ತಿಗೆಯವರು ಆರು ವಾರ ಬರದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಅಳೆದೂ ಸುರಿದೂ ಕಡೆಗೆ ಕಂಪನಿಯವರು ಇವರನ್ನು ಕಾಯಂ ಮಾಡುವ ಕಡತ ತೆರೆದಿದ್ದಾರೆ. ಅದು ವ್ಯವಸ್ಥಾಪಕರ ಮೇಜಿನ ಮೇಲಿದೆ, ರುಜು ಬೀಳುವುದೊಂದೇ ಬಾಕಿ. ರುಜು ಬಿದ್ದರೆ ರಜೆ, ರಜೆ ಸಿಕ್ಕರೆ ಮಂಡಿ.

ನಸುಕಿಗೆ ಇವರು ಮನೆ ಬಿಡುವ ಹೊತ್ತಿಗೆ ಬೇಕರಿಯ ಒಲೆ ನೋಡಿಕೊಳ್ಳುವ ಗಂಡ ಮನೆಗೆ ಮರಳುತ್ತಾರೆ. ಇಬ್ಬರ ಭೇಟಿ ಹೊಸ್ತಿಲಲ್ಲೇ. "ಅವ್ರು ಬೆಂಕಿ ಮುಂದೆ, ನಾನು ಚಳಿ ಒಳಗೆ. ಭಾನುವಾರ ಮನೇಲಿ ಫ್ಯಾನ್ ಹಾಕೋದಾ ಬೇಡ್ವಾ ಅಂತ ಜಗಳ" ಎಂದು ನಗುತ್ತಾರೆ. ಅತ್ತೆಯಂತೂ ನೆರೆಹೊರೆಯವರಿಗೆ "ನಮ್ ಸೊಸೆ ಹಗ್ಗ ಕಟ್ಟೋ ಕೆಲಸಕ್ಕೆ ಹೋಗ್ತಾಳೆ" ಎಂದು ಹೇಳಿ ಕೈತೊಳೆದುಕೊಂಡಿದ್ದಾರೆ.

ಐದೂ ಇಪ್ಪತ್ತಕ್ಕೆ ಬೆರಳು ನಿಲ್ಲುತ್ತದೆ. ಪ್ರತಿ ಸರ್ವರ್ ಪೆಟ್ಟಿಗೆಗೂ ಎರಡು ದಾರಿ ಇರಬೇಕು, ಒಂದು ಎಡ ಸ್ವಿಚ್ಚಿಗೆ, ಇನ್ನೊಂದು ಬಲ ಸ್ವಿಚ್ಚಿಗೆ. ಒಂದು ನಿಂತರೆ ಇನ್ನೊಂದು ಕಾಯಬೇಕು. ಈ ಸಾಲಿನ ಒಂಬತ್ತನೆಯ ಪೆಟ್ಟಿಗೆಯ ಎರಡೂ ಕೇಬಲ್ಲುಗಳು ಎಡಕ್ಕೇ ಹೋಗಿವೆ. ಎರಡರಲ್ಲೂ ಹಸಿರು ದೀಪ ಉರಿಯುತ್ತಿದೆ. ಎಡ ಸ್ವಿಚ್ ಒಮ್ಮೆಯೂ ನಿಂತಿಲ್ಲದ ಕಾರಣ ಆರು ವರ್ಷ ಯಾರಿಗೂ ಗೊತ್ತಾಗಿಲ್ಲ. ಆರು ಗಂಟೆಗೆ ಅದನ್ನು ಆರಿಸಿದರೆ ಹದಿನಾರೂ ಕಂಪ್ಯೂಟರುಗಳ ದಾರಿ ಒಟ್ಟಿಗೇ ಮುಚ್ಚುತ್ತದೆ. ಕೇಬಲ್ಲಿನ ಚೀಟಿಯಲ್ಲಿ "ಬಲ" ಎಂದು ಬರೆದಿದೆ. ಅಕ್ಷರ ಇವರದೇ.

ಆ ದಿನ ಇವರಿಗೆ ನೆನಪಿದೆ. ಎಡಕ್ಕೆ ನೀಲಿ, ಬಲಕ್ಕೆ ಕಿತ್ತಳೆ ಎಂಬುದು ಇಲ್ಲಿನ ಪದ್ಧತಿ. ಅಂದು ಕಿತ್ತಳೆ ಬಣ್ಣದ್ದು ಮುಗಿದಿತ್ತು. ಕೆಲಸ ನಿಲ್ಲಬಾರದೆಂದು ಎರಡು ಕಡೆಗೂ ನೀಲಿಯನ್ನೇ ಎಳೆದು, ಚೀಟಿ ಬರೆದು ಅಂಟಿಸಿದ್ದರು. ಬಣ್ಣ ಒಂದೇ ಆದ್ದರಿಂದ ಬಲಕ್ಕೆ ಹೋಗಬೇಕಾದದ್ದೂ ಎಡಕ್ಕೇ ಸೇರಿಹೋಗಿದೆ.

ಕಿತ್ತು ಬಲಕ್ಕೆ ಚುಚ್ಚುವುದು ಎರಡು ನಿಮಿಷದ ಕೆಲಸ. ಸುತ್ತಲೂ ಯಾರೂ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಕಡತಕ್ಕೆ ರುಜು ಬೀಳುತ್ತದೆ. "ಸುಳ್ಳ್ಯಾಕೆ ಹೇಳ್ಲಿ, ಕೈ ಅಲ್ಲೀವರೆಗೂ ಹೋಗಿತ್ತು" ಎನ್ನುತ್ತಾರೆ. ಆದರೆ ಅಂದು ನೀಲಿ ಎಳೆದದ್ದು ಒಟ್ಟು ಹನ್ನೆರಡು ಪೆಟ್ಟಿಗೆಗಳಿಗೆ. ಏಳು ಇಲ್ಲಿವೆ, ಐದು ಮೇಲಿನ ಮಹಡಿಯ ಹಾಲಿನಲ್ಲಿ. ಅವುಗಳ ಕೇಬಲ್ಲುಗಳೂ ಇದೇ ಸ್ವಿಚ್ಚಿಗೆ ಇಳಿದುಬರುತ್ತವೆ, ಮೇಲಿನ ಹಾಲಿನ ಬಾಗಿಲು ಮಾತ್ರ ಇವರ ಕಾರ್ಡಿಗೆ ತೆರೆಯುವುದಿಲ್ಲ.

ಏಣಿ ಇಳಿದು, ಕುಂಟುತ್ತಾ, ಗಾಜಿನ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದ ಎಂಜಿನಿಯರ್ ಬಳಿ ಬರುತ್ತಾರೆ.

"ಸರ್, ಆರಕ್ಕೆ ಆರಿಸ್ಬೇಡಿ. ತಪ್ಪಾಗಿದೆ. ನಾನೇ ಮಾಡಿದ್ದು."

ಅವರು ಪರದೆ ನೋಡುತ್ತಾರೆ. "ಎಲ್ಲಾ ಹಸಿರಾಗೇ ಇದ್ಯಲ್ಲ ಅಕ್ಕ?"

"ಹಸಿರಾಗೇ ಇದೆ ಸರ್. ಎರಡೂ ಒಂದೇ ಕಡೆಗೆ ಹೋಗಿದೆ. ಮೇಲಿನ ಹಾಲ್ ಬಾಗಿಲು ತೆಗೀರಿ, ಇನ್ನೂ ಐದು ನೋಡ್ಬೇಕು."

ಹನ್ನೆರಡನ್ನೂ ಮುಟ್ಟಿ ನೋಡಿದ್ದಾಯಿತು. ಹತ್ತು ಸರಿಯಿವೆ. ಒಂಬತ್ತನೆಯದಲ್ಲದೆ ಮೇಲಿನ ಹಾಲಿನಲ್ಲೂ ಒಂದು ತಪ್ಪಿದೆ. ಎರಡನ್ನೂ ಇವರೇ ಸರಿಪಡಿಸುತ್ತಾರೆ. ಏಳೂ ಹತ್ತಕ್ಕೆ ಎಡ ಸ್ವಿಚ್ ಆರುತ್ತದೆ. ಊರಿನಲ್ಲಿ ಯಾರ ಕೆಲಸವೂ ಒಂದು ಕ್ಷಣ ನಿಲ್ಲುವುದಿಲ್ಲ. ಮೇಲಿನ ಪೆಟ್ಟಿಗೆ ಯಾರ ಕೆಲಸ ನಡೆಸುತ್ತೆ ಗೊತ್ತಾ ಎಂದು ಎಂಜಿನಿಯರ್ ಹೇಳಹೊರಟರೆ ಇವರು ಕೈಯಡ್ಡ ಹಿಡಿಯುತ್ತಾರೆ. "ಬೇಡ ಸರ್. ಯಾವುದು ಮುಖ್ಯ ಅಂತ ಗೊತ್ತಾದ್ರೆ ಅದನ್ನ ಮಾತ್ರ ಜೋಪಾನವಾಗಿ ಮಾಡ್ತೀವಿ."

ಇದೆಲ್ಲ ನಡೆದು ತಿಂಗಳಾಗಿದೆ. ಕಡತ ರುಜುವಿಲ್ಲದೆ ವಾಪಸಾಗಿದೆ, ಮುಂದಿನ ವರ್ಷ ನೋಡೋಣ ಎಂಬ ಷರಾದೊಂದಿಗೆ. ಮಂಡಿಗೆ ಪಟ್ಟಿ ಬಿಗಿದುಕೊಂಡು ಇವರು ಈಗಲೂ ಏಣಿ ಹತ್ತುತ್ತಾರೆ. ಬೇಸರವಿಲ್ಲವೇ ಎಂದರೆ, "ಇಲ್ದೇ ಏನು? ಆವತ್ತು ಮನೆಗೆ ಹೋಗಿ ಅತ್ತಿದ್ದೀನಿ" ಎಂದು ನೇರವಾಗಿಯೇ ಹೇಳುತ್ತಾರೆ.

ಡೇಟಾ ಸೆಂಟರಿನ ದೋಷ ಪುಸ್ತಕದಲ್ಲಿ ಸರಿಯಾಗಿ ನಡೆದ ಕೆಲಸ ದಾಖಲಾಗುವುದಿಲ್ಲ, ಕೆಟ್ಟದ್ದು ಮಾತ್ರ ದಾಖಲಾಗುತ್ತದೆ. ಹಾಗಾಗಿ ಹದಿಮೂರು ವರ್ಷ, ಎಪ್ಪತ್ತು ಸಾವಿರಕ್ಕೂ ಮಿಕ್ಕ ಕೇಬಲ್ಲುಗಳ ನಂತರವೂ ಅದರಲ್ಲಿ ಇವರ ಹೆಸರು ಎಲ್ಲೂ ಇರಲಿಲ್ಲ. ಎಂಜಿನಿಯರ್ ಅಂದು ಕನಿಕರದಿಂದ "ಚೀಟಿಯ ದೋಷ" ಎಂದಷ್ಟೇ ಬರೆದು ಪುಸ್ತಕ ಮುಚ್ಚಲು ಹೊರಟಿದ್ದರು. ಇವರು ಬಿಡಲಿಲ್ಲ, ಪೆನ್ನು ಇಸಿದುಕೊಂಡು ಅದರ ಪಕ್ಕದಲ್ಲಿ ತಮ್ಮ ಪೂರ್ತಿ ಹೆಸರನ್ನೂ ಆರು ವರ್ಷದ ಹಿಂದಿನ ಆ ತಾರೀಖನ್ನೂ ಬರೆದರು.

"ನಾಳೆ ಇನ್ನೊಂದು ತಪ್ಪು ಸಿಕ್ಕಿದ್ರೆ, ಆವತ್ತು ನಾನು ಮುಟ್ಟಿದ್ದನ್ನೆಲ್ಲಾ ಹುಡುಕ್ಬೇಕಲ್ವಾ? ಹೆಸರೇ ಇಲ್ದಿದ್ರೆ ಪಾಪ ಎಲ್ಲಿಂದ ಶುರು ಮಾಡ್ತಾರೆ?" ಎನ್ನುತ್ತಾ ಏಣಿಯನ್ನು ಮುಂದಿನ ಬೀರುವಿಗೆ ಸರಿಸುತ್ತಾರೆ. "ಹದಿಮೂರು ವರ್ಷಕ್ಕೆ ಒಂದ್ಸಲ ಬಂತು ನನ್ ಹೆಸರು. ಇನ್ಮೇಲೆ ಬರ್ದೇ ಇರ್ಲಿ, ಅಷ್ಟೇ ನನ್ ಆಸೆ."