ಮೊದಲ ನೋಟಕ್ಕೆ ಬರೆಸಿದ ಬೇಡಿಕೆಗಳು

ಸಿಂದಗಿಯಲ್ಲಿ ನಮ್ಮ ಓಣಿಯ ಟೇಲರ್, ಯಾರು ಏನು ಹೇಳಿದರೂ “ತಡೀರಿ, ಬರ್ಕೋತೇನಿ” ಎಂದು ಅಳತೆಯ ಪುಸ್ತಕ ತೆಗೆಯುತ್ತಿದ್ದರು. ಅವರ ಕೊರಳಲ್ಲಿ ಸದಾ ಟೇಪು ಇರುತ್ತಿತ್ತೇ, ಇಲ್ಲ ನನ್ನ ನೆನಪೇ ಅದನ್ನು ತೊಡಿಸಿದೆಯೇ, ಹೇಳಲಾರೆ.

ಉಮ್ರಾ ಯಾತ್ರೆಗೆಂದು ಅವರು ಮೊದಲ ಸಲ ಸೌದಿಯ ಮಕ್ಕಾಕ್ಕೆ ಹೊರಟಾಗ, ಹೋಗಿಬಂದವರು ಗಡಿಯಾರದ ಗೋಪುರ, ಖರ್ಜೂರದ ಬಜಾರ ಎಂದು ನೋಡಲೇಬೇಕಾದ ಜಾಗಗಳನ್ನು ಹೇಳಿದರು. ಟೇಲರ್‌ಗೆ ಬೇಕಿದ್ದದ್ದು ಕಾಬಾದ ಮೊದಲ ನೋಟ ಮಾತ್ರ. ಆ ಕ್ಷಣ ಬೇಡಿದ್ದು ಈಡೇರುತ್ತದೆಂದು ಅವರ ನಂಬಿಕೆ. ಓಣಿಯವರೆಲ್ಲ ಪುಸ್ತಕದಲ್ಲಿ ಬೇಡಿಕೆ ಬರೆಸಿದರು. ನಮ್ಮವ್ವ ತನ್ನ ಕಣ್ಣಿನ ಆಪರೇಶನ್ ಬರೆಸಿದಳು. ಆಕೆಗೆ ಉಳಿದಿದ್ದದ್ದು ಅದೊಂದೇ ಕಣ್ಣು. ಟೇಲರ್ ಅಲ್ಲಿದ್ದಾಗಲೇ ಆಪರೇಶನ್ ಆಯಿತು.

ಮರಳಿದವರು ನೇರ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತರು.

“ಅಕ್ಕಾ, ತಪ್ಪಾತು. ಕಾಬಾ ಕಂಡದ್ದ ತಡ, ಅಳೂದ ಶುರುವಾತು. ಪುಸ್ತಕ ಕಿಸೆದಾಗ ಉಳೀತು. ನಿಮ್ಮ ಕಣ್ಣಿಂದು ಬೇಡಲೇ ಇಲ್ಲ.”

ಅವ್ವ ಕಪ್ಪು ಕನ್ನಡಕ ತೆಗೆದು ಅವರನ್ನು ಮೇಲಿಂದ ಕೆಳಗೆ ನೋಡಿದಳು.

“ನನಗ ಕಾಣಾಕತ್ತೈತಿ ತಗೋರಿ. ನೀವ ಭಾಳ ಸೊರಗೀರಿ. ನಿಮಗಂತ ಏನರ ಬೇಡ್ಕೊಂಡ್ರೋ ಇಲ್ಲೋ?”

ಟೇಲರ್ ಹುಬ್ಬು ಗಂಟಿಕ್ಕಿ ಯೋಚಿಸಿದರು.

“ಅಯ್ಯ, ಅದನೂ ಮರ್ತಬಿಟ್ಟೇನ್ರಿ, ಅಕ್ಕಾ!”