ಕರೆಮ್ಮನ ಸೆರಗು

ಕರೆಮ್ಮ ಕೈ ತೊಳೆಯುವುದನ್ನು ನೀವು ನೋಡಬೇಕಿತ್ತು. ಸಾಬೂನು ಹಚ್ಚಿ ಮೊಣಕೈವರೆಗೆ ತಿಕ್ಕಿ, ಉಗುರಿನ ಸಂದಿಯನ್ನೂ ಬಿಡದೆ ತೊಳೆದು, ಕೊನೆಗೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ರಾಯಚೂರಿನ ನಮ್ಮ ಓಣಿಯಲ್ಲಿ ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ, ಅವಳ ಬಚ್ಚಲ ಸದ್ದೆಲ್ಲ ನನಗೆ ಕೇಳುತ್ತದೆ. ಈಗಂತೂ ಹೊತ್ತಿಲ್ಲ ಗೊತ್ತಿಲ್ಲ, ತೊಳೆಯುತ್ತಲೇ ಇರುತ್ತಾಳೆ. ಸಾಕು ಮಾಡಬೇ ಎಂದು ಕೂಗಬೇಕೆನ್ನಿಸುತ್ತದೆ, ಕೂಗುವುದಿಲ್ಲ.

ಅವಳ ತವರು ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿ. ಕುರಿ ಕಾಯುವ ಮನೆತನ. ಕೃಷ್ಣೆಯ ದಂಡೆಯಲ್ಲಿ ಕುರಿ ಈದರೆ ಒದ್ದೆ ಮರಿಯನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ ಒಣಗಿಸಿ, ಎದೆಗೆ ಅವಚಿ ಬಿಸಿ ಮಾಡುವುದು ಆ ಮನೆಯ ಹೆಣ್ಣುಮಕ್ಕಳ ಕೆಲಸ. ಕರೆಮ್ಮ ನಡೆಯಲು ಕಲಿತ ಮೇಲೆ ಕಲಿತ ಮೊದಲ ಕೆಲಸವೂ ಅದೇ ಅಂತೆ. ಗಂಡ ತೀರಿಕೊಂಡ ಮೇಲೆ ಮಗ ಕನಕರಾಜನ ಜೊತೆ ರಾಯಚೂರಿಗೆ ಬಂದಳು. ಅವನು ಆಟೋ ಓಡಿಸುತ್ತಾನೆ, ಇವಳು ಮನೆಗೆಲಸಕ್ಕೆ ಹೋಗುತ್ತಿದ್ದಳು.

ಹೋಗುತ್ತಿದ್ದುದು ಪಂಪಾಪತಿ ಎಂಬವನ ಮನೆಗೆ. ಶಕ್ತಿನಗರದಲ್ಲಿ ಇಂಜಿನಿಯರ್, ಮನೆ ಮಾತ್ರ ಇಲ್ಲಿ. ಮದುವೆ ಮಕ್ಕಳು ಏನಿಲ್ಲ, ಅದರ ಬದಲು ಒಂದು ಹೆಬ್ಬಾವು ಸಾಕಿದ್ದ. ಆಫ್ರಿಕಾದ ಜಾತಿ, ಕಂದು ಮೈಯ ಮೇಲೆ ಹಳದಿ ಮಚ್ಚೆ, ವಿಷವಿಲ್ಲ. ಹೆಸರು ರಾಣಿ. ನಾಗಪಂಚಮಿಗೆ ಹಾಲೆರೆದು ಕೈಮುಗಿದು ದೂರ ಸರಿಯುವ ಜನ ನಾವು, ಅವನು ಹಾವಿಗಾಗಿ ಫ್ರಿಜ್ಜಿನಲ್ಲಿ ಊಟ ಕೂಡಿಟ್ಟಿದ್ದ. ಹೈದರಾಬಾದಿನಿಂದ ಥರ್ಮೋಕೋಲ್ ಡಬ್ಬಿಯಲ್ಲಿ ಬಿಳಿ ಇಲಿಗಳು ಬರುತ್ತಿದ್ದವು, ಸತ್ತು ಹೆಪ್ಪುಗಟ್ಟಿದವು, ಕಲ್ಲಿನಷ್ಟು ಗಟ್ಟಿ.

ಭಾನುವಾರ ರಾಣಿಯ ಊಟ. ಒಂದು ಇಲಿಯನ್ನು ಬಿಸಿನೀರಿನ ಬೋಗಾಣಿಯಲ್ಲಿ ಬಿಟ್ಟು, ಹಿಮ ಕರಗಿಸಿ, ಚೆನ್ನಾಗಿ ಒರೆಸಿ ಕೊಡಬೇಕು. ಒದ್ದೆ ಇದ್ದರೆ ಮಹಾರಾಣಿ ಮೂತಿ ತಿರುಗಿಸುತ್ತಾಳೆ. ಬೇರೆ ಯಾವ ಕೆಲಸದವಳೂ ಆ ಕೋಣೆಗೆ ಕಾಲಿಡಲಿಲ್ಲ. ಕರೆಮ್ಮನಿಗೆ ಅಸಹ್ಯವೂ ಇಲ್ಲ, ಭಯವೂ ಇಲ್ಲ. ಪಂಪಾಪತಿ ಮೊದಲ ದಿನವೇ ಕೈಗವಸು ಕೊಟ್ಟು, ಒರೆಸಲು ತೆಳ್ಳನೆಯ ಕಾಗದದ ಸುರುಳಿ ಕೊಟ್ಟು, "ಕೆಲಸ ಮುಗಿದ ಕೂಡ್ಲೆ ಸಾಬೂನ ಹಚ್ಚಿ ಕೈ ತೊಳ್ಕೋಬೇಕು ನೋಡ ಯವ್ವಾ, ಇದರಾಗ ರೋಗದ ಹುಳ ಇರ್ತಾವ" ಎಂದಿದ್ದ. ಅಷ್ಟು ಹೇಳಿದ್ದು ನಿಜ, ಸುಳ್ಳು ಹೇಳಬಾರದು.

"ಇಷ್ಟು ದಿನ ಹಿಮದಾಗ ಇದ್ದದ್ದರಾಗ ಯಾವ ಹುಳ ಬದಕ್ತದ್ರೀ ಸಾಹೇಬ್ರ?" ಎಂದು ಇವಳು ನಕ್ಕಳು. ಆದರೂ ಕೈ ತೊಳೆದಳು, ಒಂದು ವಾರವೂ ತಪ್ಪಿಸಲಿಲ್ಲ. ಕಾಗದದ ಸುರುಳಿ ಮಾತ್ರ ಅವಳಿಗೆ ಸರಿಬರಲಿಲ್ಲ. ನೀರು ತಾಗಿದರೆ ಹರಿದು ರೋಮಕ್ಕೆ ಅಂಟುತ್ತದೆ, ಅದನ್ನು ಬಿಡಿಸುತ್ತ ಕೂರಬೇಕು. ಅಂಗೈ ಮೇಲೆ ಒದ್ದೆ ಮೈಯ ಸಣ್ಣ ಜೀವವೊಂದು ಮಲಗಿದ್ದಾಗ ಅವಳ ಇನ್ನೊಂದು ಕೈ ತಾನಾಗಿಯೇ ಸೆರಗಿಗೆ ಹೋಗುತ್ತಿತ್ತು. ಎರಡು ಸಲ ಒತ್ತಿದರೆ ಇಲಿ ಒಣಗಿ ಬೆಳ್ಳಗೆ ಹೊಳೆಯುತ್ತಿತ್ತು. ಆಮೇಲೆ ಕೈ ತೊಳೆದು, ಅದೇ ಸೆರಗಿಗೆ ಒರೆಸಿಕೊಂಡು ಮನೆಗೆ ಬರುತ್ತಿದ್ದಳು.

ಮನೆಯಲ್ಲಿ ಮೊಮ್ಮಗಳಿದ್ದಳು. ಸೊಸೆ ಮಲ್ಲೇಶ್ವರಿಗೆ ಎರಡು ಬಸಿರು ನಿಲ್ಲದೆ ಹೋಗಿ, ಗೂಗಲ್ಲಿನ ಅಲ್ಲಮಪ್ರಭುವಿಗೆ ಹರಕೆ ಹೊತ್ತು ಹುಟ್ಟಿದ ಕೂಸು, ಹೆಸರು ಪ್ರಭಾವತಿ. ಮಾನ್ವಿಯ ತವರಿನಿಂದ ತೊಟ್ಟಿಲು ಸಮೇತ ಬಂದಾಗ ಐದು ತಿಂಗಳು. ಕನಕರಾಜ ಓಣಿಯ ತಿರುವಿನಲ್ಲಿ ಹಾರ್ನ್ ಒತ್ತಿದರೆ ಸಾಕು, ತೊಟ್ಟಿಲಲ್ಲೇ ಕಾಲು ಬಡಿದು ಕೇಕೆ ಹಾಕುತ್ತಿತ್ತು. ಅಜ್ಜಿಯ ಕಂಕುಳಿಗೆ ಬಂದರೆ ಮೊದಲು ಸೆರಗಿನ ಚುಂಗು ಹಿಡಿದು ಬಾಯಿಗಿಡುವುದು. ಜೊಲ್ಲು ಸುರಿದರೆ ಅಜ್ಜಿ ಅದೇ ಸೆರಗಿನಿಂದ ಒರೆಸುವುದು. ಇದರಲ್ಲಿ ತಪ್ಪೇನಿದೆ ಹೇಳಿ? ನನ್ನ ಬಾಯಿಯನ್ನೂ ನನ್ನಜ್ಜಿ ಹಾಗೇ ಒರೆಸಿದ್ದು.

ಒಂದು ಮಂಗಳವಾರ ಕೂಸಿಗೆ ಭೇದಿ ಹತ್ತಿತು, ಮೈ ಕಾದ ಹಂಚಿನಂತಾಯಿತು.

"ಹಲ್ಲು ಬರಾಕತ್ತಾವ, ಹಂಗಾಗ್ತದ ಬಿಡು" ಎಂದಳು ಕರೆಮ್ಮ. ಮೂರು ಮಕ್ಕಳನ್ನು ಹೆತ್ತವಳ ಮಾತು, ನಾವೆಲ್ಲ ತಲೆದೂಗಿದೆವು. ಎರಡು ದಿನ ಹಾಗೇ ಹೋಯಿತು. ಭೇದಿಯಲ್ಲಿ ರಕ್ತ ಕಂಡು, ಕೂಸು ಕಣ್ಣು ಮೇಲೆ ಮಾಡಿ ಸೆಟೆದಾಗ ಕನಕರಾಜನ ಆಟೋದಲ್ಲೇ ಆಸ್ಪತ್ರೆಗೆ ಓಡಿದೆವು.

ರಕ್ತದ ವರದಿ ಬಂದ ದಿನ ಡಾಕ್ಟರಮ್ಮ ಎಲ್ಲರನ್ನೂ ಕರೆದು ಕೂರಿಸಿದಳು. ಸಾಲ್ಮೊನೆಲ್ಲಾ ಎಂಬ ರೋಗಾಣು, ಕರುಳಿನಿಂದ ರಕ್ತಕ್ಕೆ ಸೇರಿ ಮಿದುಳಿನ ಪೊರೆಗೆ ಏರಿದೆ ಎಂದಳು. "ಮನ್ಯಾಗ ಕೋಳಿ ಸಾಕೀರೇನು? ಆಮೆ, ಗಿಳಿ?"

"ಇಲ್ರೀ" ಎಂದಳು ಮಲ್ಲೇಶ್ವರಿ.

ಕರೆಮ್ಮ ತಡೆದು ತಡೆದು ಹೇಳಿದಳು. "ನಮ್ಮ ಮನ್ಯಾಗಲ್ರಿ... ನಾ ಕೆಲಸಕ್ಕ ಹೋಗೋ ಮನ್ಯಾಗ ಹಾವು ಅದ್ರಿ. ಅದಕ್ಕ ನಾನ ಇಲಿ ತಯಾರ ಮಾಡ್ತೀನಿ. ಹಿಮದಾಗ ಇಟ್ಟಿದ್ದು."

"ಹಿಮದಾಗ ಇವು ಸಾಯಂಗಿಲ್ಲವ್ವಾ. ಸುಮ್ನ ಮಲಗಿರ್ತಾವ, ಬಿಸಿ ತಾಗಿದ್ರ ಏಳ್ತಾವ. ಮುಟ್ಟಿದ ಮ್ಯಾಲ ಕೈ ತೊಳ್ಕೋತೀಯೇನು?"

"ದೇವರಾಣಿ ತೊಳ್ಕೋತೀನ್ರಿ. ಸಾಬೂನ ಹಚ್ಚಿ."

"ಯಾತರಿಂದ ಒರಸ್ಕೋತೀ?"

ಕರೆಮ್ಮ ತನ್ನ ಸೆರಗನ್ನು ನೋಡಿದಳು. ಆಮೇಲೆ ಅದನ್ನು ಹೆಗಲಿನಿಂದ ಎಳೆದು, ಮುದ್ದೆ ಮಾಡಿ, ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಮಲ್ಲೇಶ್ವರಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಪಂಪಾಪತಿ ಸೇಬುಹಣ್ಣು ಹಿಡಿದು ಬಂದ. "ಕೈ ತೊಳ್ಕೋ ಅಂತ ನಾ ಹೇಳಿದ್ನಲ್ಲಾ ಯವ್ವಾ" ಎಂದ. ಹೌದಪ್ಪಾ, ಹೇಳಿದ್ದೆ. ಭಾನುವಾರ ಭಾನುವಾರ ಅವಳ ಸೆರಗು ಒದ್ದೆಯಾಗಿದ್ದು ನಿನ್ನ ಕಣ್ಣೆದುರಿಗೇ ಅಲ್ಲವೇ? ಹಾವು ನಿನ್ನದು, ಶೋಕಿ ನಿನ್ನದು. ಬಾಯಿತನಕ ಬಂದ ಮಾತನ್ನು ನುಂಗಿಕೊಂಡೆ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ, ಇಲ್ಲಿ ಉಂಡದ್ದು ಏನೂ ಮಾಡದ ಕೂಸು.

ಪ್ರಭಾವತಿ ಬದುಕಿದಳು. ಮನೆಗೆ ಕರೆತಂದ ಸಂಜೆ ಕನಕರಾಜ ತಿರುವಿನಲ್ಲಿ ಹಾರ್ನ್ ಒತ್ತಿದ. ಕೂಸು ಸುಮ್ಮನೆ ಜಂತಿ ನೋಡುತ್ತ ಮಲಗಿತ್ತು. ಮನೆ ಮುಂದೆ ಬಂದು ಇನ್ನೊಮ್ಮೆ ಒತ್ತಿದ, ತೊಟ್ಟಿಲ ಪಕ್ಕದಲ್ಲಿ ಊಟದ ಗಂಗಾಳ ಬಡಿದ. ಆಮೇಲೆ ಗಂಗಾಳ ಕೆಳಗಿಟ್ಟು ಹೊರಗೆ ಹೋಗಿ ಆಟೋದಲ್ಲಿ ಕುಳಿತ. ಎರಡೂ ಕಿವಿ ಹೋಗಿವೆ ಎಂದು ಡಾಕ್ಟರು ಆಮೇಲೆ ಖಚಿತ ಮಾಡಿದರು.

ಮಲ್ಲೇಶ್ವರಿ ಮಗಳನ್ನು ಕರೆದುಕೊಂಡು ಮಾನ್ವಿಗೆ ಹೋದಳು. ಕರೆಮ್ಮ ಕೆಲಸ ಬಿಟ್ಟಳು. ಮೊಮ್ಮಗಳನ್ನು ನೋಡಲು ಹೋಗಬೇಕು, ಒಬ್ಬಳಿಗೇ ಧೈರ್ಯವಿಲ್ಲ. "ನೀನೂ ಬಾ ಅಕ್ಕಾ" ಎಂದು ಕಳೆದ ತಿಂಗಳು ನನ್ನನ್ನು ಮಾನ್ವಿ ಬಸ್ಸು ಹತ್ತಿಸಿದಳು. ಕುದಿನೀರಲ್ಲಿ ಅದ್ದಿ ತೊಳೆದ ಸೀರೆ ಉಟ್ಟಿದ್ದಳು. ಸೆರಗನ್ನು ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು, ಹೊಲಕ್ಕೆ ಹೊರಟವಳ ಹಾಗೆ.

ಮಲ್ಲೇಶ್ವರಿ ನೀರು ಕೊಟ್ಟಳು. ಸ್ವಲ್ಪ ಹೊತ್ತು ನಿಂತು, ಮಗಳನ್ನು ಎತ್ತಿ ತಂದು, "ತಗೋರಿ ಅತ್ತಿ" ಎಂದು ಅವಳ ತೊಡೆಯ ಮೇಲೆ ಕೂರಿಸಿದಳು. ದೊಡ್ಡ ಮನಸ್ಸಿನ ಹುಡುಗಿ.

"ಪ್ರಭೀ, ನನ್ನವ್ವಾ, ಪ್ರಭೀ" ಎಂದು ಕರೆಮ್ಮ ಕರೆದಳು. ಕೂಸು ಅವಳ ಮುಖ ನೋಡಲಿಲ್ಲ. ಕೈ ಮಾತ್ರ ಅವಳ ಮೈಮೇಲೆಲ್ಲ ತಡಕಾಡಿತು, ಹೆಗಲು, ತೋಳು, ಸೊಂಟ. ಕೊನೆಗೆ ಸಿಕ್ಕಿಸಿದ ಸೆರಗಿನ ಚುಂಗು ಸಿಕ್ಕಿತು. ಆಗ ಮುಖವೆತ್ತಿ ನಕ್ಕಿತು, ಅಜ್ಜಿ ಯಾರೆಂದು ಗೊತ್ತಾಯಿತು. ಚುಂಗನ್ನು ಎಳೆದು ಬಾಯಿಗೆ ಒಯ್ದಿತು.

ಕರೆಮ್ಮ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೂಸು ಚೀರಿ ಅಳತೊಡಗಿತು. "ಬ್ಯಾಡವ್ವಾ, ಬ್ಯಾಡ ನನ್ನ ಬಂಗಾರಾ" ಎಂದು ಅವಳು ಸಮಾಧಾನ ಮಾಡುತ್ತಲೇ ಇದ್ದಳು. ಆ ಮಾತು ಆ ಮನೆಯಲ್ಲಿ ನಮ್ಮೆಲ್ಲರಿಗೂ ಕೇಳುತ್ತಿತ್ತು, ಕೂಸೊಂದನ್ನು ಬಿಟ್ಟು.