ಕಟ್ಟೆಯ ಮೊದಲ ಗ್ಲಾಸು

ಕೊಲ್ಹಾಪುರದಲ್ಲಿ ಸಂಜೆಯಾದರೆ ಎಮ್ಮೆಯನ್ನು ಬೀದಿಯ ಕಟ್ಟೆಗೆ ಹೊಡೆದುಕೊಂಡು ಹೋಗಿ, ಗಿರಾಕಿಯ ಕಣ್ಣೆದುರೇ ಕರೆದು ನೊರೆಹಾಲು ಕೊಡುವುದು ನನ್ನ ಕಾಯಕ. ಶಿವನ ದಯೆ, ನನ್ನ ಎಮ್ಮೆ ಗೌರಿಯ ಹಾಲಿನಲ್ಲಿ ಇವತ್ತಿನವರೆಗೂ ಯಾರೂ ಕುಂದು ಹುಡುಕಿಲ್ಲ.

ಮೊದಲ ಗ್ಲಾಸು ಯಾವಾಗಲೂ ಕುಸ್ತಿ ಕಲಿಸುವ ವಸ್ತಾದರದು. ಒಮ್ಮೆ ಅವರು ವಾರಗಟ್ಟಲೆ ಬರಲೇ ಇಲ್ಲ. ಬಂದ ದಿನ ಚೀಲದೊಳಗಿಂದ ಒಂದು ಪಾಕೀಟು ತೆಗೆದು ತಲೆ ತಗ್ಗಿಸಿದರು.

"ಹಾಲು ಹೊಟ್ಟಿಗೆ ಹಿಡಸವಲ್ದರಿ ಅಣ್ಣಾರ. ಅದನ್ನ ಬಿಟ್ಟು ಈ ಸೋಯಾ ಹಾಲು ಕುಡೀರಿ ಅಂತ ಡಾಕ್ಟರ್ ಹೇಳ್ಯಾರ. ಮನ್ಯಾಗ ಒಬ್ಬನ ಕುಂತರ ಗಂಟಲದಾಗ ಇಳಿಯೂದಿಲ್ಲ. ಇಲ್ಲೇ ನಿಂತು ಕುಡೀಲೇನ್ರಿ?"

ನಿಜ ಹೇಳುತ್ತೇನೆ, ಮೊದಲು ನನಗೆ ಅವಮಾನವೇ ಆಯಿತು. ಆದರೆ ಅವರು ಎಷ್ಟು ಇಳಿದುಹೋಗಿದ್ದರು! ಸೋಯಾ ಕಾಳಿನೊಳಗೆ ಹಾಲಿಟ್ಟವನೂ ಆ ಶಿವನೇ ಅಲ್ಲವೇ? ಅವರ ಹಿತ್ತಾಳೆ ಗ್ಲಾಸನ್ನೇ ತೊಳೆದು ಕೊಟ್ಟೆ.

"ನನ್ನ ಹಾಲು ಕುಡದು ನೀವು ಹೊಟ್ಟಿ ಹಿಡಕೊಂಡು ಕುಂದ್ರೂದು ಬ್ಯಾಡ್ರಿ. ಇದರಾಗ ಸುರವ್ರಿ."

ಪಕ್ಕದಲ್ಲಿದ್ದ ಗಿರಾಕಿಯೊಬ್ಬ, "ನೊರಿ ಎಲ್ಲೈತ್ರಿ ವಸ್ತಾದರ?" ಎಂದು ನಕ್ಕ.

"ನೊರಿ ನಿನ್ನ ಮೀಸಿಗೆ ಹತ್ತೈತಲ್ಲೋ, ಒರಿಸ್ಕೋ," ಎಂದೆ.

ಈಗ ವಸ್ತಾದರು ಮೈ ತುಂಬಿಕೊಂಡಿದ್ದಾರೆ, ಮತ್ತೆ ಅಖಾಡಕ್ಕಿಳಿಯುತ್ತಾರೆ. ನನ್ನ ಕಟ್ಟೆಯ ಮೊದಲ ಗ್ಲಾಸು ಇಂದಿಗೂ ಅವರದೇ, ಅದನ್ನು ಎದೆಯುಬ್ಬಿಸಿ ಹೇಳುತ್ತೇನೆ. ಅವರು ಪಾಕೀಟು ಕತ್ತರಿಸುವಾಗ ಗೌರಿ ಮಾತ್ರ ಮುಖ ತಿರುಗಿಸಿ ನಿಲ್ಲುತ್ತಾಳೆ. ಅವಳಿಗೆ ಇನ್ನೂ ಅಷ್ಟು ಭಕ್ತಿ ಬಂದಿಲ್ಲ.